ನೂರುಲ್ಲಾನ ಗಾಡಿ

ಗ್ಯಾರೇಜಿನ ಶಟರ್ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಅಶ್ವತ್ಥ್ ಅದರ ಅಡಿಗೆ ಹೆಗಲು ಕೊಟ್ಟು ಮೇಲಕ್ಕೆ ತಳ್ಳಿದ. ಅರವತ್ತು ದಾಟಿದ ಹೆಗಲು ಬೇಡಪ್ಪಾ ಎಂದಿತು, ಅವನು ಕೇಳಲಿಲ್ಲ. ಬೆನ್ನ ಹಿಂದೆ ಆರ್.ಟಿ. ನಗರದ ಆ ಅಡ್ಡರಸ್ತೆಯ ತುಂಬ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಜನ ಕೂತಿದ್ದರು. ಪಕ್ಕದ ಮನೆಯೊಳಗೆ ಅವನ ಬಾಲ್ಯದ ಗೆಳೆಯ ನೂರುಲ್ಲಾ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

ಆಗಷ್ಟೇ ನೂರುಲ್ಲಾನ ಮಗ ಫೈಜಾನ್ ಬಂದು, "ಅಂಕಲ್, ಅಮ್ಮಿ ಹೇಳ್ತಿದಾರೆ, ಗಾಡಿ ನೀವೇ ತೆಗೀಬೇಕಂತೆ" ಎಂದು ಹೋಗಿದ್ದ.

ಬೆಂಗಳೂರಿನಲ್ಲಿ ಗಾಡಿ ಎಂದರೆ ಸ್ಕೂಟರೂ ಹೌದು, ಲಾರಿಯೂ ಹೌದು, ಸೊಪ್ಪು ಮಾರುವವನು ತಳ್ಳಿಕೊಂಡು ಬರುವುದೂ ಹೌದು. ಆದರೆ ಈ ಬೀದಿಯಲ್ಲಿ ನೂರುಲ್ಲಾನ ಗಾಡಿ ಎಂದರೆ ಒಂದೇ, ಕೆಂಪು ಸುಪ್ರಾ. ಯಾವನೋ ಶ್ರೀಮಂತನ ಶೋಕಿಗೆ ಜಪಾನಿನಿಂದ ಹಡಗು ಹತ್ತಿ ಬಂದು, ಅವನ ಶೋಕಿ ತೀರಿದ ಮೇಲೆ ಯಲಹಂಕದ ತೋಟವೊಂದರಲ್ಲಿ ಕೋಳಿ ಮೊಟ್ಟೆಯಿಡುವ ಜಾಗವಾಗಿದ್ದ ಕಾರು. ಸೀಟ್ ಕವರ್ ಹೊಲಿಯುವ ನೂರುಲ್ಲಾ ಅದನ್ನು ಕೊಂಡು ತಂದು, ವರ್ಷಗಟ್ಟಲೆ ತಿದ್ದಿ ತೀಡಿ, ಮದುವಣಗಿತ್ತಿಯ ಹಾಗೆ ಮಾಡಿ ನಿಲ್ಲಿಸಿದ್ದ. ಅವನ ಹೆಂಡತಿ ಗೌಹರ್ ಅದನ್ನು 'ನನ್ನ ಸವತಿ' ಎನ್ನುತ್ತಿದ್ದಳು. ಮುಂಬಯಿ, ಕೊಯಮತ್ತೂರಿನಿಂದ ಹಣವಂತರು ಬಂದು, ಬೆಲೆ ಕೇಳಿ, ಬರೀ ಚಹಾ ಕುಡಿದು ಹೋಗಿದ್ದರು.

ಅಶ್ವತ್ಥನಿಗೂ ಅದರ ಮೇಲೆ ಕಣ್ಣಿತ್ತು. ಗೆಳೆಯ ಹೆಣವಾಗಿ ಮಲಗಿರುವಾಗ ಕಾರಿನ ಆಸೆಯೇ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅದಕ್ಕಿಂತ ಆಳದ ಮುಳ್ಳು ಇನ್ನೊಂದಿತ್ತು. ಅಶ್ವತ್ಥನ ತಾಯಿ ಗಂಗರತ್ನಮ್ಮ ತೀರಿಕೊಂಡಾಗ ನೂರುಲ್ಲಾ ಬರಲಿಲ್ಲ. ಆಕೆಯ ಕೈಯ ಮುದ್ದೆ ಉಂಡು ಬೆಳೆದವನು, ಕೊರೊನಾ ಸೋಂಕಿಗೆ ಹೆದರಿ ಮನೆಯಲ್ಲಿ ಕೂತ. ಅಂದಿನಿಂದ ಅಶ್ವತ್ಥ್ ಈ ಮೆಟ್ಟಿಲು ತುಳಿದಿರಲಿಲ್ಲ. ಇವತ್ತು ಕೂಡ ಹೋಗಲೋ ಬೇಡವೋ ಎಂದು ಹೆಬ್ಬಾಳದ ಫ್ಲೈಓವರಿನುದ್ದಕ್ಕೂ ತನ್ನೊಳಗೇ ಜಗಳವಾಡಿಕೊಂಡು ಬಂದಿದ್ದ.

*

ಸುಪ್ರಾದಲ್ಲಿ ಮೊದಲ ಸಲ ಕೂತ ಬೆಳಗ್ಗೆ ಅಶ್ವತ್ಥನಿಗೆ ಚೆನ್ನಾಗಿ ನೆನಪಿತ್ತು. ನೂರುಲ್ಲಾ ಗುಂಡಿ ಒತ್ತಿದ್ದೇ ತಡ, ಮುಚ್ಚಿಕೊಂಡಿದ್ದ ದೀಪಗಳು ರೆಪ್ಪೆ ತೆರೆದ ಹಾಗೆ ಮೇಲೆದ್ದವು. ವಿಮಾನ ನಿಲ್ದಾಣದ ರಸ್ತೆಯಲ್ಲಿ ಕಾರು ಹಾರಿತು. ಆದರೆ ಮನೆ ಬೀದಿಗೆ ತಿರುಗಿದ ಮೇಲೆ ಅದರ ಹಾರಾಟವೆಲ್ಲ ಮುಗಿಯಿತು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿನ ಕಾರು, ನಮ್ಮ ಬೀದಿಗಳಲ್ಲೋ ಮನೆಗೊಂದು ಹಂಪು. ನೂರುಲ್ಲಾ ಪ್ರತಿ ಹಂಪಿನ ಮುಂದೆಯೂ ನಿಂತು, ಸ್ಟೀರಿಂಗ್ ತಿರುಗಿಸಿ, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಿದ್ದ. ತುಂಬು ಬಸುರಿ ಹೊಸ್ತಿಲು ದಾಟುವ ಹಾಗೆ.

"ಎಷ್ಟೊತ್ತೋ ಮಾರಾಯ, ನಡ್ಕೊಂಡೇ ಹೋಗ್ಬಹುದಿತ್ತು" ಎಂದು ಅಶ್ವತ್ಥ್ ಗೊಣಗಿದ.

"ಅವಸರ ಇರೋನು ಬಸ್ಸಲ್ಲಿ ಹೋಗ್ಲಿ" ಎಂದು ನೂರುಲ್ಲಾ ನಕ್ಕ. "ನೋಡು ಗುರು, ನಾನು ಹೋದ ದಿನ ನನ್ನ ಗಾಡಿ ನೀನೇ ತೆಗೀಬೇಕು. ಬೇರೆಯವ್ರು ಹಂಪ್ ಮೇಲೆ ನೇರ ಹತ್ತಿಸಿಬಿಡ್ತಾರೆ."

*

ಶಟರ್ ಮೇಲೆ ಹೋಯಿತು. ನೂರುಲ್ಲಾ ಕೈಯಾರೆ ಹೊಲಿದಿದ್ದ ಬೂದುಬಣ್ಣದ ಹೊದಿಕೆಯಡಿಯಲ್ಲಿ ಸುಪ್ರಾ ತಲೆ ತಗ್ಗಿಸಿ ನಿಂತಿತ್ತು. ಅಶ್ವತ್ಥ್ ಹೊದಿಕೆಯ ಅಂಚು ಹಿಡಿದು ಎಳೆದ.

ಕಾರು ಇರಲಿಲ್ಲ. ಹಳೆಯ ಸೀಟುಗಳ ಕಬ್ಬಿಣದ ಚೌಕಟ್ಟುಗಳನ್ನು ಹೊದಿಕೆಗೆ ಆಧಾರವಾಗಿ ಜೋಡಿಸಿದ್ದರು. ನಡುವೆ ಒಂದು ಸ್ಟ್ರೆಚರ್, ಹೆಣ ಇಡುವ ಗಾಜಿನ ಫ್ರೀಜರ್ ಪೆಟ್ಟಿಗೆ ಇದ್ದವು.

"ಅಲ್ಲೇನ್ ಹುಡುಕ್ತಿದೀರ ಅಶ್ವತ್ಥ್?" ಹಿಂದಿನಿಂದ ದನಿ ಬಂತು. ಮಸೀದಿಯ ಟ್ರಸ್ಟ್ ನೋಡಿಕೊಳ್ಳುವ ಹಿರಿಯ, ಖಾದರ್ ಬಾಷಾ. "ಗಾಡಿ ಅಲ್ಲಿ ಮೂಲೇಲಿ ನಿಂತಿದೆಯಲ್ಲ."

ಅವರು ಕೈ ತೋರಿಸಿದ ಕಡೆ, ಹೊಂಗೆ ಮರದ ಕೆಳಗೆ, ಹೆಣ ಸಾಗಿಸುವ ಬಿಳಿ ವ್ಯಾನೊಂದು ನಿಂತಿತ್ತು.

"ಸುಪ್ರಾ ಎಲ್ಲಿ ಬಾಷಾ ಸಾಬ್?"

"ಅದೇ ಇದು" ಎಂದರು ಖಾದರ್ ಬಾಷಾ. "ಮೊದಲನೇ ಲಾಕ್‌ಡೌನಲ್ಲಿ ದಾಸರಹಳ್ಳಿ ಹತ್ರ ಇವನು ಒಂದು ಆಟೋ ನೋಡಿದ್ನಂತೆ. ಒಳಗೆ ಹೆಣ, ಕಾಲು ಹೊರಗೆ. ಒಂದೊಂದು ಹಂಪಿಗೂ ಆ ಕಾಲು ಎಗರೋದಂತೆ. ಮಾರನೇ ದಿನ ಬಂದು ನಮ್ಮ ಮುಂದೆ ಸುಪ್ರಾ ಕೀ ಇಟ್ಟ. ಇದನ್ನ ಮಾರಿ ಸತ್ತೋರಿಗೆ ಒಂದು ಗಾಡಿ ಮಾಡಿ, ಯಾವ ಜಾತಿ, ಯಾವ ಮನೆ ಅಂತ ಕೇಳ್ಬೇಡಿ, ಓಡಿಸೋದು ನಾನೇ ಅಂದ. ಯಾರಿಗೂ ಹೇಳಬಾರದು ಅಂತ ನಮ್ಮ ಹತ್ರ ಮಾತು ತಗೊಂಡ."

ಅಶ್ವತ್ಥ್ ವ್ಯಾನಿನತ್ತ ನೋಡಿದ. ಅದನ್ನು ಎಲ್ಲಿ ನೋಡಿದ್ದೆ ಎಂಬುದು ಹೊಳೆದಾಗ ಅವನ ಕೈಯಿಂದ ಹೊದಿಕೆ ಜಾರಿತು.

*

ಎರಡನೇ ಅಲೆಯಲ್ಲಿ ಅಮ್ಮ ವಿದ್ಯಾರಣ್ಯಪುರದ ಮನೆಯಲ್ಲೇ ಕಣ್ಣು ಮುಚ್ಚಿದಾಗ ಊರಲ್ಲಿ ಒಂದು ಶವವಾಹನವೂ ಸಿಗಲಿಲ್ಲ. ಅಪ್ಪ ಚಿಕ್ಕಬೈರಪ್ಪ ಬಿಟ್ಟುಹೋದ ಸೈಟುಗಳು, ಪರಿಚಯದ ದೊಡ್ಡವರು, ಯಾವುದೂ ಆ ದಿನ ಉಪಯೋಗಕ್ಕೆ ಬರಲಿಲ್ಲ. ಅಶ್ವತ್ಥ್ ಕಡೆಗೆ ನೂರುಲ್ಲಾನಿಗೆ ಫೋನ್ ಮಾಡಿ, "ಅಮ್ಮ ಹೋಗ್ಬಿಟ್ರು ಕಣೋ, ಗಾಡೀನೇ ಸಿಗ್ತಿಲ್ಲ" ಎಂದು ಅತ್ತ. ಆ ಕಡೆಯಿಂದ "ಹೂಂ" ಎಂದಷ್ಟೇ ಕೇಳಿ ಫೋನ್ ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಬಿಳಿ ವ್ಯಾನ್ ಬಂತು. ಕಡೆಗೂ ನಗರಪಾಲಿಕೆಯವರು ಕಳಿಸಿದರು ಎಂದುಕೊಂಡ ಅಶ್ವತ್ಥ್. ಮೈಯೆಲ್ಲ ಸೋಂಕು ತಡೆಯುವ ದಿರಿಸು, ಮುಖಕ್ಕೆ ಮಾಸ್ಕು, ಕನ್ನಡಕ ಹಾಕಿಕೊಂಡ ಚಾಲಕ ಒಂದು ಮಾತೂ ಆಡದೆ ಅಮ್ಮನ ಕಾಲ ಕಡೆ ಕೈ ಕೊಟ್ಟು ಎತ್ತಿದ. ಒಳಗೆ ಮಲಗಿಸುವ ಮುಂಚೆ ಆ ಪಾದಗಳ ಮೇಲೆ ಗಳಿಗೆ ಹೊತ್ತು ಕೈಯಿಟ್ಟ. ಹಿಂದೆ ತನ್ನ ಕಾರಿನಲ್ಲಿ ಬರುತ್ತಿದ್ದ ಅಶ್ವತ್ಥ್, ವ್ಯಾನ್ ಪ್ರತಿ ಹಂಪಿಗೂ ನಿಂತು ಓರೆಯಾಗುವುದನ್ನು ನೋಡಿ, ಇವನಿಗೆ ಯಾರು ಲೈಸೆನ್ಸ್ ಕೊಟ್ಟರೋ ಎಂದು ಬೈದುಕೊಂಡಿದ್ದ.

*

ಬಾಗಿಲ ಪರದೆಯಾಚೆ ಗೌಹರ್ ಕೂತಿದ್ದಳು. ಅವಳು ಕಾಣುತ್ತಿರಲಿಲ್ಲ, ದನಿ ಮಾತ್ರ ಬಂತು. "ಅಶ್ವತ್ಥಣ್ಣಾ, ನೋಡಿದ್ರಾ?"

"ನೋಡ್ದೆ ತಾಯಿ. ಅವತ್ತು ಅಮ್ಮನ್ನ ಕರ್ಕೊಂಡು ಹೋಗಿದ್ದು ಇವನೇನಾ?"

"ಬೇರೆಯವ್ರು ಓಡಿಸಿದ್ರೆ ಅಮ್ಮಂಗೆ ನೋವಾಗುತ್ತೆ ಅಂದ್ರು."

"ಒಂದ್ ಮಾತು ಹೇಳಬಾರದಿತ್ತಾ? ಬರಲಿಲ್ಲ ಅಂತ ನಾನು ಇಷ್ಟು ವರ್ಷ..."

"ಹೇಳಿ ಅಂತ ನಾನೂ ಬಡ್ಕೊಂಡೆ ಅಣ್ಣಾ. 'ಅವನ ಅಮ್ಮ ನಂಗೂ ಅನ್ನ ಹಾಕಿದಾಳೆ. ಹೊತ್ಕೊಂಡು ಹೋದೆ ಅಂತ ಹೇಳ್ಕೊಂಡು ತಿರುಗ್ಲಾ?' ಅಂದ್ರು. ನಾನು ಹೋದ ದಿನ ಸುಪ್ರಾ ನೀನೇ ತೆಗೀಬೇಕು ಅಂತ ನಿಮಗೆ ಹೇಳಿದ್ರಲ್ಲ, ಅದೊಂದೇ ಕೊರಗಿತ್ತು." ಪರದೆಯಡಿಯಿಂದ ಒಂದು ಕೈ ವ್ಯಾನಿನ ಕೀಲಿಯನ್ನು ಹೊಸ್ತಿಲ ಮೇಲಿಟ್ಟಿತು. "ಗಾಡಿ ಇದೇ ಇರೋದು. ನೀವೇ ತೆಗೀರಿ."

ಊರೆಲ್ಲ ಬೆರಗಾಗಿ ನೋಡಿದ್ದು ಆ ಕೆಂಪು ಕಾರನ್ನು. ಬೆರಗಾಗಬೇಕಾದ ಮನುಷ್ಯ ಮೊಣಕಾಲಿಗೆ ದಾರದ ತುಣುಕು ಅಂಟಿಸಿಕೊಂಡು ಹೊಲಿಗೆ ಮೆಷಿನ್ ಮುಂದೆ ಕೂತಿದ್ದ. ಅಶ್ವತ್ಥ್ ಬಗ್ಗಿ, ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೀಲಿ ತೆಗೆದುಕೊಂಡ.

ಮಸೀದಿಯವರೆಗೆ ಜನ ಹೆಗಲು ಬದಲಿಸುತ್ತ ಜನಾಜಾ ಹೊತ್ತರು. ಅಶ್ವತ್ಥನೂ ಹೆಗಲು ಕೊಟ್ಟ. ಬೆಳಗ್ಗೆ ಶಟರಿಗೆ ಬೇಡವೆಂದಿದ್ದ ಹೆಗಲು ಈಗ ಏನೂ ಹೇಳಲಿಲ್ಲ. ನಮಾಜು ಮುಗಿಯುವವರೆಗೆ ಅವನು ಹೊರಗೆ ಚಪ್ಪಲಿಗಳ ನಡುವೆ ಕೈಕಟ್ಟಿ ನಿಂತಿದ್ದ. ಆಮೇಲೆ ನೂರುಲ್ಲಾನನ್ನು ವ್ಯಾನಿನಲ್ಲಿ ಮಲಗಿಸಿದರು. ಅಶ್ವತ್ಥ್ ಸ್ಟೀರಿಂಗ್ ಹಿಡಿದ, ಪಕ್ಕದಲ್ಲಿ ಫೈಜಾನ್ ಕೂತ.

ಖಬರಸ್ತಾನದ ರಸ್ತೆಗೆ ತಿರುಗುವಲ್ಲಿ ದೊಡ್ಡ ಹಂಪು. ಅಶ್ವತ್ಥ್ ವ್ಯಾನ್ ನಿಲ್ಲಿಸಿ ಸ್ಟೀರಿಂಗ್ ತಿರುಗಿಸತೊಡಗಿದ.

"ಅಂಕಲ್, ಇದು ಎತ್ತರದ ಗಾಡಿ" ಎಂದ ಫೈಜಾನ್ ಮೆಲ್ಲಗೆ. "ನೇರ ಹೋದ್ರೂ ತಾಗಲ್ಲ."

"ಗೊತ್ತು ಕಣಪ್ಪಾ."

ಮುಂದಿನ ಚಕ್ರವೊಂದು ಹತ್ತಿತು, ಇಳಿಯಿತು. ಇನ್ನೊಂದು ಹತ್ತಿತು. ಹಿಂದೆ ಮಲಗಿದ್ದವನು ಅಲುಗಲಿಲ್ಲ. ಅಶ್ವತ್ಥ್ ಕನ್ನಡಿಯಲ್ಲಿ ನೋಡಿದ. ಖಾದರ್ ಬಾಷಾ ಅವರ ಹಳೆಯ ಸ್ಕೂಟರ್ ಹಂಪಿನ ಮುಂದೆ ನಿಂತು ಓರೆಯಾಯಿತು. ಅದರ ಹಿಂದಿನ ಆಟೋ ಓರೆಯಾಯಿತು, ಅದರ ಹಿಂದಿನದೂ.