ಸೂರಿನ ಮೇಲೆ ಬಲೆ

ಮನೆಯ ಅರ್ಧ ಸೂರು ಬೋಳಾಗಿತ್ತು, ಬಿರುಗಾಳಿ ಸಂಜೆಗೇ ಬರುವುದಿತ್ತು. ರೇಡಿಯೊದಲ್ಲಿ ಎರಡನೇ ಎಚ್ಚರಿಕೆ ಕೇಳಿದ್ದೇ ತಡ, ಸಾಮಾರ್ ದ್ವೀಪದ ನಮ್ಮ ಕೇರಿಯವರೆಲ್ಲ ಶಾಲೆಯ ಕಟ್ಟಡಕ್ಕೆ ಹೊರಟರು. ನನ್ನ ಗಂಡ ಕ್ರಿಸ್ಪಿನ್ ಮಾತ್ರ ಒಪ್ಪಲಿಲ್ಲ. ಇನ್ನೊಬ್ಬರ ಹೆಗಲೇರಿ ಹೋಗುವುದಕ್ಕಿಂತ ಗಾಳಿಯಲ್ಲಿ ಹಾರಿಹೋಗುವುದೇ ವಾಸಿಯಂತೆ. ಹೋದ ವರ್ಷ ಇದೇ ಸೂರಿನಿಂದ ಬಿದ್ದು ಸೊಂಟ ಮುರಿದುಕೊಂಡ ಮಹಾರಾಯನ ಹಟ ಮಾತ್ರ ಮುರಿದಿರಲಿಲ್ಲ. ಹಾಗಾಗಿ ಕೊಳೆತ ಗರಿ ಕಿತ್ತು ನೀಪಾ ಎಂಬ ತಾಳೆಯ ಹೊಸ ಗರಿಯ ತಟ್ಟಿ ಹೊದಿಸುವ ಕೆಲಸ ನನ್ನ ತಲೆಗೆ ಬಂದಿತ್ತು.

"ನೆನಿತಾ, ಕೆಳಗಿಂದ ಮೇಲಕ್ಕೆ ಹೊದಿಸೇ! ಮೇಲಿಂದ ಶುರು ಮಾಡಿದ್ರೆ ನೀರೆಲ್ಲ ಮನೆಯೊಳಕ್ಕೇ!" ಅಂಗಳದ ಕುರ್ಚಿಯಿಂದ ಅವನ ಕೂಗು.

"ಇಷ್ಟೆಲ್ಲ ಗೊತ್ತಿದ್ದೋನು ಬಿದ್ದಿದ್ಯಾಕೋ?"

ಮೂರು ಗಂಟೆಗೆ ಕೊನೆಯ ತಟ್ಟಿ ಕಟ್ಟುವಷ್ಟರಲ್ಲಿ ಗಾಳಿ ಎದ್ದಿತು. ಮೇಲಿನಿಂದ ಬಿಗಿಯಲು ಹಗ್ಗ ಉಳಿದಿರಲಿಲ್ಲ. ಕಣ್ಣೆದುರೇ ಎರಡು ತಟ್ಟಿ ಕಿತ್ತುಕೊಂಡು ತೆಂಗಿನ ಮರಗಳಾಚೆ ಹಾರಿದವು. ಉಳಿದವುಗಳ ಮೇಲೆ ಕವುಚಿ ಬಿದ್ದೆ. ಹೆದರಿದ್ದೆ, ಸುಳ್ಳೇಕೆ ಹೇಳಲಿ.

ಸೂರನ್ನು ಹಿಡಿದಿಡುವಂಥದ್ದು ಮನೆಯಲ್ಲಿ ಒಂದೇ ಇತ್ತು, ಅವನ ಬಲೆ. ಎಂಟು ತಿಂಗಳು ಕೂತಲ್ಲೇ ನೇಯ್ದದ್ದು, ಸೊಂಟ ಸರಿಹೋದ ದಿನ ಕಡಲಿಗೆ ಇಳಿಸಬೇಕೆಂದು. ಇನ್ನು ಕಡಲಿನ ಆಸೆ ಬಿಡಿ ಎಂದು ಡಾಕ್ಟರು ನನಗೂ ಹೇಳಿದ್ದರು, ಅವನಿಗೂ ಹೇಳಿದ್ದರು. ನಾವಿಬ್ಬರೂ ಆ ಮಾತು ಎತ್ತಿರಲಿಲ್ಲ. ಬಲೆ ಕೊಡು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಕೆಳಗೆ ನೋಡಿದರೆ ಕುರ್ಚಿ ಖಾಲಿ.

"ಕ್ರಿಸ್ಪಿನ್!"

ಆಮೇಲೆ ಕಂಡ. ನೆಲದ ಮೇಲೆ ತೆವಳುತ್ತ, ಹಲ್ಲು ಕಚ್ಚಿ, ಬಲೆಯ ರಾಶಿಯನ್ನು ಹೊಸ್ತಿಲಾಚೆ ಎಳೆದು ತರುತ್ತಿದ್ದ. ಏಣಿಯ ಬುಡದಲ್ಲಿ ಕೂತು ಚಾಕು ತೆಗೆದು ಅದನ್ನು ಎರಡು ಪಾಲು ಮಾಡಿದ.

"ಅಯ್ಯೋ, ಯಾಕೋ ಕತ್ತರಿಸ್ದೆ?"

"ಆ ಕಡೆಗೊಂದು, ಈ ಕಡೆಗೊಂದು. ಇಡೀದು ನಿನ್ನ ಕೈಲಿ ಎತ್ತಕ್ಕಾಗುತ್ತಾ? ಸುಮ್ನೆ ಹಿಡ್ಕೊಳೇ."

ಬಿದಿರು ಗಳದ ತುದಿಗೆ ಸಿಕ್ಕಿಸಿ ಮೇಲಕ್ಕೆತ್ತಿದ. ನಾನು ಸೂರಿನ ನೆತ್ತಿಯ ಬಿದಿರಿಗೆ ಕಟ್ಟಿ ಎರಡೂ ಬದಿಗೆ ಇಳಿಬಿಟ್ಟೆ. ಅವನು ಕಂಬದಿಂದ ಕಂಬಕ್ಕೆ ತೆವಳಿ ಬಿಗಿದ. ಅವನು ಹಾಕಿದ ಗಂಟು ಬಿಚ್ಚುವ ಗಾಳಿ ಇನ್ನೂ ಹುಟ್ಟಿಲ್ಲ.

ಗಾಳಿ ಮತ್ತೆ ನುಗ್ಗಿತು. ತಟ್ಟಿಗಳು ಬಲೆಯೊಳಗೆ ಒಮ್ಮೆ ಉಬ್ಬಿ ಸುಮ್ಮನಾದವು. ನಾನು ಸೂರಿನ ಅಂಚಿನಲ್ಲಿ ಕೂತು ಅತ್ತುಬಿಟ್ಟೆ.

ಕೆಳಗಿದ್ದ ಕ್ರಿಸ್ಪಿನ್ ಕೆನ್ನೆಯ ಮೇಲೆ ಬಿದ್ದ ಹನಿ ಒರೆಸಿಕೊಂಡು ಮೇಲೆ ನೋಡಿದ.

"ಮಳೇನೇ ಬಂದಿಲ್ಲ, ಆಗ್ಲೇ ಸೋರ್ತಿದೆಯಲ್ಲೇ ನಿನ್ನ ಸೂರು!"