ಅಕ್ಕ ಓದಿದ ಮೊದಲ ಹೆಸರು

ನಮ್ಮ ಬಿಂದುಶ್ರೀ ಅಕ್ಕ ಮಲ್ಲತ್ತಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಅಲ್ಲಿನ ಮತದಾರರ ಪಟ್ಟಿ ಪರಿಷ್ಕರಿಸುವ ಕೆಲಸವೂ ಅವಳದೇ. ಟೀಚರ್ ತಮಗೆ ಬೇಕಾದವರನ್ನು ಉಳಿಸಿಕೊಂಡು ಬೇಡದವರ ಹೆಸರು ಕಿತ್ತುಹಾಕಿದ್ದಾರೆ ಎಂದು ಯಾರೋ ವಾಟ್ಸಾಪಿನಲ್ಲಿ ಹಬ್ಬಿಸಿದ್ದರಿಂದ, ಭಾನುವಾರ ಬೆಳಿಗ್ಗೆ ಅರ್ಧ ಊರು ಅಂಗನವಾಡಿ ಮುಂದೆ ಸೇರಿತ್ತು. ಅಕ್ಕನ ಪರವಾಗಿ ಜಗಳವಾಡಲೆಂದೇ ನಾನು ಕೆಂಗೇರಿಯಿಂದ ಬೈಕಿನಲ್ಲಿ ಹೋಗಿದ್ದೆ.

ಅವಳು ಪಟ್ಟಿಯನ್ನು ಬಾಗಿಲಿಗೆ ಅಂಟಿಸಿ, ತೆಗೆಯಲಿರುವ ಹೆಸರುಗಳನ್ನು ಕಾರಣದ ಸಮೇತ ಗಟ್ಟಿಯಾಗಿ ಓದತೊಡಗಿದಳು.

"ಒಂದನೇದು, ಚನ್ನಕೇಶವ. ಮನೆ ಬದಲಾಯಿಸಿ ಕೆಂಗೇರಿಗೆ ಹೋಗಿದಾರೆ."

ಚನ್ನಕೇಶವ ಎಂದರೆ ನಾನೇ!

"ಏನಕ್ಕಾ ಇದು? ಹುಟ್ಟಿದ ಊರಲ್ಲಿ ನಂಗೆ ಓಟಿಲ್ವಾ?" ಎಂದು ರೇಗಿದೆ.

"ಮೂರು ವರ್ಷದಿಂದ ಅಲ್ಲಿದೀಯ, ಅಲ್ಲೇ ಹಾಕು. ಫಾರಂ ಕೊಟ್ಟಿದೀನಲ್ಲ, ತುಂಬು," ಎಂದಳು, ತಲೆಯನ್ನೂ ಎತ್ತದೆ.

ಗದ್ದಲ ನಿಂತಿತು. ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದ ಪಕ್ಕದ ಬೀದಿಯ ಅಕ್ಕಯ್ಯಮ್ಮ ಜಗಲಿಯ ಮೇಲೆ ಕೂತರು. "ಒಡಹುಟ್ಟಿದವನನ್ನೇ ಬಿಟ್ಟಿಲ್ಲ ಇವಳು. ಮಿಕ್ಕಿದ್ದು ಓದಮ್ಮಾ, ಕೇಳ್ತೀವಿ."

ಈಗ ನನ್ನ ಓಟು ಕೆಂಗೇರಿಯಲ್ಲಿದೆ. ಆಫೀಸಿನಲ್ಲಿ ಯಾರಾದರೂ ಪಟ್ಟಿಯೆಲ್ಲ ಮೋಸ ಎಂದರೆ, ಫೋನ್ ತೆಗೆದು ಆ ಬಾಗಿಲಿನ ಫೋಟೋ ತೋರಿಸುತ್ತೇನೆ.

"ನೋಡು ಗುರು, ಮೊದಲನೇ ಹೆಸರು ನಂದು. ತೆಗೆದವಳು ನಮ್ಮಕ್ಕ."