ಎಡಗಡೆ ಬಾಗಿದ ಹ್ಯಾಂಡಲ್

ಗೌಸ್ ಪೀರ್ ಸಾಬರ ಸೈಕಲ್ಲನ್ನು ನಾನು ಮೂರು ತಿಂಗಳು ಬೆನ್ನು ಹತ್ತಿದ್ದೆ. ಅವರು ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ದಿನಾ ಬೆಳಿಗ್ಗೆ ಎರಡು ದೊಡ್ಡ ಮೂಟೆ ಕ್ಯಾರಿಯರಿಗೆ ಕಟ್ಟಿಕೊಂಡು ಹರಿಹರದ ಅಂಗಡಿಗಳಿಗೆ ಹಾಕಿ ಬರುತ್ತಿದ್ದರು. ದೂರದಿಂದ ನೋಡಿದರೆ ಮೂಟೆಗಳೇ ತೇಲಿಕೊಂಡು ಬಂದ ಹಾಗೆ ಕಾಣುತ್ತಿತ್ತು. ನನ್ನ ಕಣ್ಣು ಮಾತ್ರ ಮೂಟೆಯ ಕೆಳಗೆ. ಇಂಗ್ಲೆಂಡಿನಲ್ಲಿ ತಯಾರಾದ ಹಳೇ ಸೈಕಲ್ ಅದು. ದಪ್ಪ ಫ್ರೇಮು, ಉದ್ದನೆಯ ಮಡ್‌ಗಾರ್ಡು, ಪೂರ್ತಿ ಮುಚ್ಚಿದ ಚೈನ್ ಕವರು. ಅದರ ಫ್ರೇಮ್ ನಂಬರು ನನಗೆ ಬಾಯಿಪಾಠವಾಗಿತ್ತು.

ಎಂಬತ್ಮೂರನೇ ಇಸವಿ. ಮಲೆಬೆನ್ನೂರಿನವನಾದ ನಾನು ವಿದ್ಯಾನಗರದ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಅಪ್ಪನಿಗೆ ಹೇಳುತ್ತಿದ್ದ ಮಾತು. ಹಳೇ ಸೈಕಲ್ ಬಿಚ್ಚಿ, ತುಕ್ಕು ತಿಕ್ಕಿ, ಬಣ್ಣ ಹೊಡೆದು ಮತ್ತೆ ಜೋಡಿಸುವುದೇ ನನ್ನ ನಿಜವಾದ ಕಸುಬಾಗಿತ್ತು. ಕರೂರು ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಶೆಡ್ ಇಟ್ಟಿದ್ದ ಕುಬೇರಪ್ಪ ಮಾಮ ಅದಕ್ಕೊಂದು ಮೂಲೆ ಬಿಟ್ಟುಕೊಟ್ಟಿದ್ದ. ಆರು ಸೈಕಲ್ ಮುಗಿಸಿದ್ದೆ. ಹಾಸ್ಟೆಲಿನ ಹುಡುಗರು ನನ್ನನ್ನು ರೇವಣ್ಣ ಅನ್ನುವುದು ಬಿಟ್ಟು ಡಾಕ್ಟ್ರು ಅನ್ನುತ್ತಿದ್ದರು. ನನಗೂ ಹಾಗೇ ಅನ್ನಿಸತೊಡಗಿತ್ತು.

"ಒಂದ್ ವಾರ ಕೊಡ್ರಿ ಸಾಬ್ರ. ಒಂದ್ ಪೈಸಾ ಬ್ಯಾಡ. ಕಂಪನಿಯಿಂದ ಈಗ ಬಂದಂಗೆ ಮಾಡಿಕೊಡ್ತೀನಿ."

"ಓಡ್ತೈತಲ್ಲಪ್ಪಾ, ಸಾಕು ಬಿಡು. ಅದೂ ಮುದುಕ, ನಾನೂ ಮುದುಕ."

ಭಟ್ಟಿಯ ರಿಪೇರಿಗೆಂದು ಎಂಟು ದಿನ ಕೆಲಸ ನಿಂತಾಗ ಕೊನೆಗೂ ಒಪ್ಪಿದರು. ಎಡ ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳುತ್ತ ಒಂದೇ ಮಾತು ಹೇಳಿದರು. "ಬಣ್ಣ ನಿನ್ ಮರ್ಜಿ. ಹ್ಯಾಂಡಲ್ ಮಾತ್ರ ಹೆಂಗೈತೋ ಹಂಗೇ ಇರ್ಲಿ."

ಹೂಂ ಅಂದೆ. ನಿಜ ಹೇಳಬೇಕೆಂದರೆ ಆ ಹ್ಯಾಂಡಲ್ಲೇ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಬಲಗಡೆ ಸರಿಯಾಗಿತ್ತು. ಎಡಗಡೆ ಮಾತ್ರ ಮೇಲೆದ್ದು, ಹಿಂದಕ್ಕೆ, ಕೂತವನ ಎದೆಯ ಕಡೆಗೇ ಬಾಗಿತ್ತು. ಸಾಲದ್ದಕ್ಕೆ ಎರಡೂ ಬ್ರೇಕಿನ ಹಿಡಿಗಳು ಬಲಗಡೆಯೇ. ಶೆಡ್ಡಿಗೆ ತಂದ ದಿನ ಹುಡುಗರೆಲ್ಲ ಸೇರಿ ಅದಕ್ಕೆ ಎಮ್ಮೆ ಕೊಂಬು ಅಂತ ಹೆಸರಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲೋ ಬಿದ್ದು ಸೊಟ್ಟಗಾಗಿದೆ, ಪಾಪ, ಖರ್ಚಿಗೆ ಹೆದರಿ ಹಾಗೆ ಹೇಳಿದ್ದಾರೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ನೆಟ್ಟಗೆ ಮಾಡಲು ಪೈಪನ್ನು ಕಾಯಿಸುವ ಮೊದಲು ಕುಬೇರಪ್ಪ ಮಾಮ ಕೇಳಿದ. "ಅವ್ರನ್ನ ಕೇಳಿಯೇನಲೇ?"

"ಕೇಳೀನಿ ಮಾಮ."

"ಯಾರೋ ಬೇಕಂತ್ಲೇ ಬಗ್ಸಿದಂಗೈತಲ್ಲೋ. ಬಿದ್ದಿದ್ರೆ ಪೈಪು ನೆಗ್ಗಿರ್ತಿತ್ತು."

"ನೀ ಕಾಯಿಸು ಮಾಮ, ಕೇಳೀನಂತ ಹೇಳಿದ್ನಲ್ಲ!"

ಎಂಟನೇ ದಿನ ಸೈಕಲ್ ಕನ್ನಡಿಯಂತಾಗಿತ್ತು. ಕಡುಹಸಿರು ಫ್ರೇಮು, ಅದರ ಮೇಲೆ ಬಂಗಾರದ ಗೆರೆ, ನಿಕ್ಕಲ್ ಹಾಕಿಸಿದ ನೆಟ್ಟನೆಯ ಹ್ಯಾಂಡಲ್, ಎರಡು ಕಡೆ ಎರಡು ಬ್ರೇಕು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಅಕ್ಷರಕ್ಕೆ ಕೆಂಪು ನೆರಳು ಕೊಟ್ಟು 'ರೇವಣ್ಣ, ದಾವಣಗೆರೆ' ಎಂದು ಬರೆದೆ. ಮಾಡಿದವರ ಹೆಸರು ಜನಕ್ಕೆ ಗೊತ್ತಾಗಬೇಡವೇ?

ಭಟ್ಟಿಯ ಮುಂದಿನ ಚಾದಂಗಡಿಯಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ಹುಡುಗರು ಶಿಳ್ಳೆ ಹೊಡೆದರು. ಗೌಸ್ ಪೀರ್ ಸಾಬರು ಸೈಕಲ್ಲನ್ನು ಒಂದು ಸುತ್ತು ಬಂದರು. ಹ್ಯಾಂಡಲ್ಲಿನ ಹತ್ತಿರ ನಿಂತು ಅದರ ಎಡತುದಿಯ ಮೇಲೆ ಬಲಗೈ ಆಡಿಸಿದರು.

"ಮಾಶಾಲ್ಲಾ," ಅಂದರು ಆಮೇಲೆ. "ಮದುಮಗನ್ನ ಮಾಡಿಬಿಟ್ಟಿಯಲ್ಲಪ್ಪಾ."

"ಹತ್ರಿ ಸಾಬ್ರ, ಒಂದ್ ರೌಂಡ್ ಹೊಡೀರಿ!" ಅಂದೆ.

"ಮದುಮಗನ ಮೇಲೆ ಕೂಡ್ತಾರೇನೋ? ಕೈ ಹಿಡ್ಕಂಡು ಕರ್ಕಂಡ್ ಹೋಗ್ಬೇಕು."

ಎಲ್ಲರೂ ನಕ್ಕರು. ಅವರು ಸೈಕಲ್ ತಳ್ಳಿಕೊಂಡು ಹೋದರು. ಆ ಸಂಜೆ ಹಾಸ್ಟೆಲಿನಲ್ಲಿ ನಾನು ನೆಲದ ಮೇಲೆ ನಡೆದಿದ್ದು ಕಡಿಮೆ.

ಶನಿವಾರ ಊರಿಗೆ ಹೋಗಲು ಹರಿಹರದ ಬಸ್ ಹತ್ತಿದೆ. ಪಕ್ಕದಲ್ಲಿ ನಮ್ಮೂರಿನ ಗುತ್ತೆಪ್ಪ ಕೂತಿದ್ದ. ಟ್ರ್ಯಾಕ್ಟರಿನ ಸಾಮಾನು ಕೊಂಡು ವಾಪಸ್ಸು ಹೊರಟಿದ್ದ. ಹೆದ್ದಾರಿಯಾದ ಪಿ.ಬಿ. ರಸ್ತೆಯಲ್ಲಿ ಅರ್ಧ ದಾರಿ ಮುಗಿದಿರಬೇಕು, ಮುಂದೆ ಮಂಡಕ್ಕಿ ಮೂಟೆ ಕಂಡವು. ನಾನು ಕಿಟಕಿಗೆ ಬಿದ್ದೆ.

"ಗುತ್ತೆಪ್ಪಣ್ಣ, ನೋಡಲ್ಲಿ! ಆ ಹಸ್ರು ಸೈಕಲ್ ನಾನೇ ಮಾಡಿದ್ದು. ಹೆಸ್ರೂ ಐತೆ ನೋಡು ಹಿಂದೆ!"

ಗುತ್ತೆಪ್ಪ ಕತ್ತು ಚಾಚಿ ನೋಡಿದ. "ಚಲೋ ಐತೆ ಬಿಡಪ್ಪ. ಮತ್ತೆ ಹತ್ತಾಕ್ ಬರಲ್ಲೇನು? ಆ ಸಾಬ್ರು ತಳ್ಳಿಕ್ಯಂಡ್ ಹೊಂಟಾರಲ್ಲ."

ಹಿಂದಿನ ಸೀಟಿನವರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಪಂಚರ್ ಇರಬೇಕು ಅಂದೆ. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ಸು ಓಡಿದೆ. ಓಡುವಾಗ ಮನಸ್ಸಿನಲ್ಲಿದ್ದದ್ದು ಅವರ ಕಷ್ಟವಲ್ಲ. ನನ್ನ ಹೆಸರು ಬರೆದ ಸೈಕಲ್ಲನ್ನು ಹೀಗೆ ತಳ್ಳುವುದನ್ನು ಜನ ನೋಡುತ್ತಿದ್ದಾರಲ್ಲ ಅನ್ನುವುದೇ.

ಟೈರು ಗಟ್ಟಿಯಾಗಿಯೇ ಇದ್ದವು. ಸಾಬರ ಜುಬ್ಬಾ ಬೆವರಿಗೆ ಬೆನ್ನಿಗಂಟಿತ್ತು.

"ಯಾಕ ತಳ್ತಿದೀರಿ ಸಾಬ್ರ? ದಿನಾ ಹಿಂಗೇ ಬರ್ತಿದೀರೇನು?"

"ಸುಮ್ನೆ. ಕಾಲಿಗೆ ಒಳ್ಳೇದಂತೆ."

"ಸುಮ್ನೆ ಅಂದ್ರೆ? ನಾನ್ ಎಂಟ್ ದಿನ ಬೆವರು ಸುರ್ಸಿ ಮಾಡಿದ್ದು ತಳ್ಳಾಕೇನ್ರಿ? ನೋಡ್ದೋರು ನನಗೇನಂತಾರೆ? ಹತ್ರಿ, ನಾ ಹಿಡ್ಕಂತೀನಿ."

ಆ ಮಾತನ್ನು ಇವತ್ತು ಬರೆಯುವಾಗಲೂ ಕೈ ಹಿಂದೆಗೆಯುತ್ತದೆ. ಅವರು ಸೀಟಿನ ಮೇಲೆ ಕೂತರು. ಬಲಗೈ ಹ್ಯಾಂಡಲ್ ಹಿಡಿಯಿತು. ಎಡಗೈ ಶಾಲಿನೊಳಗೇ ಉಳಿಯಿತು. ನಾನು ಅವಸರದಿಂದ ಆ ಕೈ ಹಿಡಿದು ಹ್ಯಾಂಡಲ್ಲಿನ ಕಡೆಗೆ ಎಳೆದೆ.

ಕೈ ಬರಲಿಲ್ಲ. ಮೊಣಕೈ ಮಡಿಸಿದ್ದು ಮಡಿಸಿದಂತೆಯೇ ಇತ್ತು, ಕಟ್ಟಿಗೆಯ ಹಾಗೆ. ಬೆರಳು ಹ್ಯಾಂಡಲ್ಲಿಗೆ ಒಂದು ಗೇಣು ದೂರದಲ್ಲೇ ನಿಂತವು. ಎಮ್ಮೆ ಕೊಂಬಿನ ತುದಿ ಇದ್ದದ್ದು ಸರಿಯಾಗಿ ಅಲ್ಲೇ.

"ಎಳೀಬ್ಯಾಡಪ್ಪ, ನೋಯ್ತೈತೆ," ಅಂದರು ಮೆಲ್ಲಗೆ. "ಹತ್ತಿ ಮಿಲ್ಲಿನಾಗಿದ್ದಾಗ ಬೆಲ್ಟಿಗೆ ಸಿಕ್ಕಿದ್ದು. ಇಪ್ಪತ್ತೆರಡ್ ವರ್ಷಾತು. ಒಂದ್ ಕೈಯಾಗ ಊರೊಳಗೆ ಹೆಂಗೋ ಹೋಗ್ಬೋದು. ಇಲ್ಲಿ ಲಾರಿ ಗಾಳಿಗೆ ಮೂಟೆ ಎಳೀತೈತೆ."

"ಅವತ್ತೇ ಯಾಕ ಹೇಳ್ಲಿಲ್ರಿ?"

"ಅಷ್ಟ್ ಜನದ ಮುಂದೆ ಹೆಂಗ್ ಹೇಳ್ಲಿ? ನಿನ್ ಮುಖ ಅಷ್ಟ್ ಖುಷಿಯಾಗಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಅವರು ಇಳಿದು ಸೈಕಲ್ಲನ್ನು ಮತ್ತೆ ನನ್ನ ಕೈಗೆ ಕೊಡಲೂ ಅನುಮಾನಿಸುತ್ತಿದ್ದರು. ನಾನೇ ತಳ್ಳಿದೆ. ಹರಿಹರದ ನಾಲ್ಕು ಅಂಗಡಿಗೆ ಮೂಟೆಯ ಮಂಡಕ್ಕಿ ಹಾಕಿ, ಖಾಲಿ ಸೈಕಲ್ ತಳ್ಳಿಕೊಂಡು ದಾವಣಗೆರೆಯವರೆಗೆ ಅವರ ಜೊತೆ ನಡೆದು ಬಂದೆ. ದಾರಿಯುದ್ದಕ್ಕೂ ಅವರು ಮಂಡಕ್ಕಿ ಭತ್ತದ ವಿಷಯ ಮಾತಾಡಿದರು, ನಾನು ಹೂಂ ಅನ್ನುತ್ತಿದ್ದೆ.

ಅವರ ಮನೆಯ ಮುಂದೆ ಬೇವಿನ ಮರ. ಹೆಂಡತಿ ಮಾಬೂಬೀ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಿದರು.

"ಬಂದ್ರಾ ಇಂಜಿನಿಯರ್ ಸಾಹೇಬ್ರು! ಬರ್ರಿ, ಕೂಡ್ರಿ. ಇನ್ನೇನ್ ನೆಟ್ಟಗ್ ಮಾಡೋದೈತೆ ನಮ್ಮನೇಲಿ? ನನ್ ಬೆನ್ನೂ ಬಗ್ಗೈತೆ ನೋಡ್ರಿ."

"ಮಾಬೂಬೀ, ಸುಮ್ಕಿರು," ಅಂದರು ಸಾಬರು.

"ನೀವ್ ಸುಮ್ಕಿದ್ದಿದ್ಕೇ ಹಿಂಗಾಗಿದ್ದು." ಆಕೆ ನನ್ನ ಕಡೆ ತಿರುಗಿದರು. "ಆ ಕವಲು ನೋಡಪ್ಪ. ಅದ್ರಾಗ್ ಹ್ಯಾಂಡಲ್ ಸಿಗ್ಸಿ ನಾವಿಬ್ರೂ ಬಗ್ಸಿದ್ದು. ಒಂದ್ ದಿನದಾಗಲ್ಲ, ಎರಡ್ ತಿಂಗ್ಳು. ಒಂಚೂರು ಬಗ್ಸೋದು, ಕೂತು ನೋಡೋದು, ಮತ್ ಒಂಚೂರು."

ಮರದ ಕವಲಿನಲ್ಲಿ ತೊಗಟೆ ಸವೆದ ಗುರುತು ಇನ್ನೂ ಇತ್ತು. ನಾನು ಹ್ಯಾಂಡಲ್ ಬಿಚ್ಚಿದೆ. ಕುಬೇರಪ್ಪ ಮಾಮನ ಶೆಡ್ಡಿಗೆ ಒಯ್ಯುತ್ತೇನೆ, ಕಾಯಿಸಿ ಒಂದೇ ಏಟಿಗೆ ಮಾಡುತ್ತೇನೆ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಪೈಪನ್ನು ಕವಲಿಗೆ ಸಿಗಿಸಿ ಜೋತುಬಿದ್ದೆ.

"ಸಾಕು, ಸಾಕು! ಹಾಕಿ ನೋಡು," ಅಂದರು ಮಾಬೂಬೀ.

ಹಾಕಿದೆ. ಸಾಬರು ಕೂತರು. ಇನ್ನೂ ನಾಲ್ಕು ಬೆರಳು. ಮತ್ತೆ ಬಿಚ್ಚಿದೆ. ಮಾರನೆಯ ಭಾನುವಾರವೂ, ಮುಂದಿನ ಐದು ಸಂಜೆಯೂ ಹೀಗೇ. ನನ್ನ ಚಂದದ ನಿಕ್ಕಲ್ ಬಾಗಿದಲ್ಲೆಲ್ಲ ಬಿರುಕು ಬಿಟ್ಟು ಸಿಪ್ಪೆ ಸಿಪ್ಪೆಯಾಗಿ ಉದುರಿತು. ಬ್ರೇಕಿನ ಹಿಡಿಗಳೆರಡನ್ನೂ ಬಲಗಡೆಗೆ ತಂದೆ. ಅಷ್ಟು ದಿನ ಬೆಳಿಗ್ಗೆ ಮೂಟೆ ಹೇರಿದ ಸೈಕಲ್ಲನ್ನು ಹರಿಹರಕ್ಕೆ ನಾನೇ ತುಳಿದೆ. ಹುಡುಗರು ಕೇಳಿದರೆ ವ್ಯಾಯಾಮ ಅಂದೆ. ನಿಜ ಹೇಳುವಷ್ಟು ಧೈರ್ಯ ಬರಲಿಲ್ಲ.

ಏಳನೇ ಸಂಜೆ ಅವರ ಬೆರಳು ತಾವಾಗಿಯೇ ಹ್ಯಾಂಡಲ್ ಮೇಲೆ ಮಡಚಿಕೊಂಡವು. ಓಣಿಯ ತುದಿಯವರೆಗೆ ಹೋಗಿ, ಬೆಲ್ ಬಾರಿಸುತ್ತ ತಿರುಗಿ ಬಂದರು. ನಾನು ಜೇಬಿನಿಂದ ಉಪ್ಪುಕಾಗದ ತೆಗೆದು ಹಿಂದಿನ ಮಡ್‌ಗಾರ್ಡಿನ ಹತ್ತಿರ ಕುಕ್ಕರಗಾಲಲ್ಲಿ ಕೂತೆ.

"ಏನ್ ಮಾಡಾಕತ್ತಿ?"

"ಹೆಸ್ರು ಅಳಿಸ್ತೀನಿ ಸಾಬ್ರ."

"ಬ್ಯಾಡ," ಅಂದರು. "ಹೊಸಾ ಬಣ್ಣ ಗೀರಿ ಯಾಕ ಹಾಳ್ ಮಾಡ್ತಿ? ಅಲ್ಲಿ ತುಕ್ಕು ಹಿಡೀತೈತೆ. ಇರ್ಲಿ ಬಿಡು. ನೀನೇ ಮಾಡಿದ್ದಲ್ಲೇನು?"

ಮಾಬೂಬೀ ಒಳಗಿನಿಂದ ನಕ್ಕರು. ನಾನು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಈ ಸಲ ಅವರು ಹೇಳಿದ್ದನ್ನು ಕೇಳಲೇಬೇಕಾಗಿತ್ತು. ಮಾರನೆಯ ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಪಿ.ಬಿ. ರಸ್ತೆಯಲ್ಲಿ ಆ ಮೂಟೆಗಳು ನನ್ನನ್ನು ದಾಟಿಕೊಂಡು ಮುಂದೆ ಹೋದವು. ಕೆಳಗೆ ಮಡ್‌ಗಾರ್ಡಿನ ಮೇಲೆ ಬಿಳಿ ಅಕ್ಷರ, ಕೆಂಪು ನೆರಳು. ಜೊತೆಗಿದ್ದ ಹುಡುಗ, "ಡಾಕ್ಟ್ರೇ, ನಿಮ್ ಹೆಸ್ರು!" ಎಂದು ಕೂಗಿದ. ನಾನು ಕೇಳಿಸದವನ ಹಾಗೆ ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ.